ಸಣ್ಣ ಹಡಗಿನ ಚಡಪಡಿಕೆ

ಆಷಾಢದ ಜಡಿಮಳೆಯಲ್ಲಿ ತೀರ್ಥಹಳ್ಳಿ ಕಡೆಯ ಅಂಗಳಗಳಲ್ಲಿ ಹಡಗು ಕಟ್ಟುವ ಕೆಲಸ ಜೋರಾಗಿ ನಡೆಯುತ್ತದೆ. ಅಡಿಕೆ ಹಾಳೆಯ ಎರಡೂ ತುದಿ ಮಡಿಸಿ ಕಡ್ಡಿ ಚುಚ್ಚಿದರೆ ದೋಣಿ ಸಿದ್ಧ. ಸೂರಿನ ನೀರು ಸೇರಿ ಹರಿಯುವ ಕಾಲುವೆಗೆ ಅದನ್ನು ಬಿಟ್ಟು ಮಕ್ಕಳು ಹಿಂದೆಯೇ ಓಡುತ್ತಾರೆ. ಆ ದೋಣಿಯನ್ನು ಒಮ್ಮೆ ಕಣ್ಣಿಟ್ಟು ನೋಡಿ. ಅದಕ್ಕೆ ಒಂದು ಗಳಿಗೆಯೂ ಸಮಾಧಾನವಿಲ್ಲ. ನಡುಗುತ್ತದೆ, ಕುಣಿಯುತ್ತದೆ, ಸಣ್ಣ ಅಲೆ ತಾಕಿದರೂ ಚಡಪಡಿಸುತ್ತದೆ.

ಅದೇ ಮಳೆಗಾಲದಲ್ಲಿ ಸಾಗರ ತಾಲ್ಲೂಕಿನ ಹೊಳೆಬಾಗಿಲಿನಲ್ಲಿ ನಿಂತು ಶರಾವತಿ ಹಿನ್ನೀರಿನ ಲಾಂಚ್ ನೋಡಿದವರಿಗೆ ಬೇರೊಂದು ಚಿತ್ರ ನೆನಪಿದೆ. ಒಂದು ಬಸ್ಸು, ನಾಲ್ಕಾರು ಜೀಪು, ಬೈಕುಗಳು, ಸಿಗಂದೂರಿಗೆ ಹೊರಟ ಜನ, ಇಷ್ಟನ್ನೂ ಹೊತ್ತ ಲಾಂಚ್ ಅಲೆ ಬಂದರೆ ನಿಧಾನ ಬಾಗಿ, ನಿಧಾನ ಏಳುತ್ತಿತ್ತು. ತೊಟ್ಟಿಲು ತೂಗುವ ಅಜ್ಜಿಯ ಕೈಯ ಹಾಗೆ.

ಹಾಳೆದೋಣಿ ಆಟಿಕೆ, ಆದ್ದರಿಂದ ಹಾಗೆ ಎನ್ನಬಹುದು. ಆದರೆ ಒಂದು ಮೊಳೆಯನ್ನೂ ಬಿಡದೆ, ನಿಜವಾದ ಹಡಗಿನ ಪಡಿಯಚ್ಚಿನಂತೆ ಮಾಡಿದ ಮಾದರಿಯನ್ನು ನೀರಿಗಿಳಿಸಿದರೂ ಅದೇ ಚಡಪಡಿಕೆ. ಹಳೆಯ ಸಿನಿಮಾಗಳಲ್ಲಿ ಬಿರುಗಾಳಿಗೆ ಸಿಕ್ಕ ಹಡಗು ತೆರೆಯ ಮೇಲೆ ಬಂದ ಕೂಡಲೇ ‘ಇದು ಬೊಂಬೆ ಹಡಗು’ ಎಂದು ಹಳ್ಳಿಯ ಹುಡುಗನೂ ಹೇಳಿಬಿಡುತ್ತಿದ್ದ. ಆಕಾರ ಸರಿ, ಬಣ್ಣ ಸರಿ, ಹಗ್ಗ ಪಟಗಳೂ ಸರಿ. ಹಾಗಿದ್ದರೆ ಕಣ್ಣು ಗುರುತಿಸಿದ ತಪ್ಪು ಯಾವುದು?

ಬರಿಗೈ ಹಡಗು

ಮಾದರಿ ಹಡಗುಗಳಲ್ಲಿ ಎರಡು ಬಗೆ. ಕತ್ತರಿಸಿಟ್ಟ ಬಿಡಿಭಾಗಗಳ ಪೆಟ್ಟಿಗೆ ಕೊಂಡು ಅಂಟಿಸಿ ಜೋಡಿಸುವುದು ಒಂದು. ಪೆಟ್ಟಿಗೆಯ ಹಂಗಿಲ್ಲದೆ ನಕ್ಷೆ, ಫೋಟೋ, ಅಳತೆಗಳಿಂದ ಶುರುಮಾಡಿ ಪ್ರತಿ ಭಾಗವನ್ನೂ ಕೈಯಿಂದಲೇ ಮಾಡಿಕೊಳ್ಳುವುದು ಇನ್ನೊಂದು. ಇದನ್ನು ‘ಬರಿಗೈ ಮಾದರಿ’ ಎಂದು ಕರೆಯೋಣ. ಪೆಟ್ಟಿಗೆಯಲ್ಲಿ ಸಿಗುವುದು ಜಗತ್ತಿನ ಹೆಸರಾಂತ ಹಡಗುಗಳು. ನಮ್ಮ ಹಿನ್ನೀರಿನ ಲಾಂಚನ್ನು ಯಾರೂ ಪೆಟ್ಟಿಗೆಯಲ್ಲಿಟ್ಟು ಮಾರುವುದಿಲ್ಲ. ಅದು ಬೇಕೆಂದರೆ ಬರಿಗೈಯೇ ಗತಿ.

ಈ ಕೆಲಸಕ್ಕೆ ಮಲೆನಾಡಿಗಿಂತ ಒಳ್ಳೆಯ ಊರು ಬೇಕೆ? ಸಾಗರ, ಸೊರಬದ ಗುಡಿಗಾರರು ತಲೆಮಾರುಗಳಿಂದ ಶ್ರೀಗಂಧದಲ್ಲಿ ಕೂದಲೆಳೆಯ ಕೆತ್ತನೆ ಮಾಡುತ್ತ ಬಂದವರು; ಬೆಂಡಿನಲ್ಲಿ ಮದುವೆಯ ಬಾಸಿಂಗ ಮಾಡುವವರೂ ಅವರೇ. ಅವರ ಕೈಚಳಕ ನನಗಿಲ್ಲ. ಆದರೆ ಬೆಂಡು ಎಷ್ಟು ಹಗುರ, ಬಿದಿರಿನ ಸೀಳು ಎಷ್ಟು ಬಾಗುತ್ತದೆ, ಎಣ್ಣೆ ಡಬ್ಬದ ತಗಡು ಎಲ್ಲಿ ಮಡಿಕೆಗೆ ಒಗ್ಗುತ್ತದೆ ಎಂಬುದನ್ನು ಇಲ್ಲಿ ಬೆಳೆದ ಕೈ ಕೇಳದೆಯೇ ಕಲಿತಿರುತ್ತದೆ.

ನನ್ನ ಮೇಜಿನ ಮೇಲೆ ಎರಡು ಹಡಗುಗಳಿವೆ. ಒಂದು ಲಾಂಚ್. ಇನ್ನೊಂದು ಐಎನ್‌ಎಸ್ ಚಪಲ್. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಮರಳ ಮೇಲೆ ನಿಂತು ಈಗ ವಸ್ತುಸಂಗ್ರಹಾಲಯವಾಗಿರುವ ಕ್ಷಿಪಣಿ ನೌಕೆ ಅದು. ಸೋವಿಯತ್ ಒಕ್ಕೂಟದಲ್ಲಿ ತಯಾರಾಗಿ 1976ರಲ್ಲಿ ನಮ್ಮ ನೌಕಾಪಡೆ ಸೇರಿತು, 2005ರಲ್ಲಿ ನಿವೃತ್ತಿಯಾಯಿತು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ನಡೆಸಿದ ನಿಪಟ್, ನಿರ್ಘಾತ್, ವೀರ್ ನೌಕೆಗಳು ಇದರ ಅಕ್ಕಂದಿರು; ಆ ರಾತ್ರಿಯ ನೆನಪಿಗೇ ಡಿಸೆಂಬರ್ 4 ನೌಕಾಪಡೆ ದಿನವಾಗಿದೆ. ಚಪಲ್‌ನ ಉದ್ದ ಸುಮಾರು 39 ಮೀಟರ್, ಪೂರ್ತಿ ಸಜ್ಜಾದಾಗ ತೂಕ ಸುಮಾರು 240 ಟನ್, ವೇಗ ಗಂಟೆಗೆ 65 ಕಿಲೋಮೀಟರಿನ ಆಸುಪಾಸು.

ಎರಡನ್ನೂ ನಾನು ನೂರರಲ್ಲೊಂದು ಅಳತೆಯಲ್ಲಿ ಮಾಡಿದೆ. ಮೀಟರ್ ಎಂದಲ್ಲಿ ಸೆಂಟಿಮೀಟರ್ ಎಂದು ಓದಿಕೊಂಡರಾಯಿತು, ಲೆಕ್ಕದ ಗೋಜಿಲ್ಲ ಎಂಬುದು ನನ್ನ ಎಣಿಕೆಯಾಗಿತ್ತು. ಉದ್ದದ ಮಟ್ಟಿಗೆ ಅದು ನಿಜ. ಚಪಲ್ 39 ಸೆಂಟಿಮೀಟರ್ ಆಯಿತು. ಗೋಜಲು ಶುರುವಾದದ್ದು ತಕ್ಕಡಿಯಲ್ಲಿಟ್ಟಾಗ.

ಟನ್ ಗ್ರಾಂ ಆಗುವ ಲೋಕ

ಒಂದು ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಉದ್ದ, ಅಗಲ, ಎತ್ತರ ಮೂರೂ ಇಮ್ಮಡಿಯಾದ ದೊಡ್ಡ ಪೊಟ್ಟಣವನ್ನು ಇಂಥವೇ ಪೊಟ್ಟಣಗಳಿಂದ ಕಟ್ಟಲು ಎಷ್ಟು ಬೇಕು? ಎರಡು ಸಾಲದು, ನಾಲ್ಕೂ ಸಾಲದು. ಎಂಟು ಬೇಕು. ಹಿಗ್ಗಿಸಿದ್ದು ಎರಡರಷ್ಟೇ, ತೂಕ ಎಂಟರಷ್ಟು. ಕಾರಣ, ನಾವು ಮೂರು ದಿಕ್ಕಿಗೂ ಎಳೆದಿದ್ದೇವೆ. ಹೊರಮೈಗೆ ಬಣ್ಣ ಬಳಿಯಬೇಕಾದರೆ ಮಾತ್ರ ನಾಲ್ಕರಷ್ಟು ಬಣ್ಣ ಸಾಕು, ಏಕೆಂದರೆ ಮೈಗೆ ಎರಡೇ ದಿಕ್ಕು.

ಕುಗ್ಗಿಸುವಾಗಲೂ ಇದೇ ಲೆಕ್ಕ. ಉದ್ದ ನೂರರಲ್ಲೊಂದಾದರೆ ಹೊರಮೈ ಹತ್ತು ಸಾವಿರದಲ್ಲೊಂದು, ಒಡಲು ಹತ್ತು ಲಕ್ಷದಲ್ಲೊಂದು. ಹಡಗು ತೇಲುವುದು ತನ್ನ ಒಡಲು ಪಕ್ಕಕ್ಕೆ ತಳ್ಳಿದ ನೀರಿನ ತೂಕಕ್ಕೆ ಸಮನಾಗಿ. ಆದ್ದರಿಂದ ಮಾದರಿಯೂ ನಿಜದ ಹಡಗಿನಷ್ಟೇ ಮುಳುಗಿ ನಿಲ್ಲಬೇಕಾದರೆ ಅದರ ತೂಕ ಹತ್ತು ಲಕ್ಷದಲ್ಲೊಂದು ಇರಬೇಕು. ಒಂದು ಟನ್ ಎಂದರೆ ಹತ್ತು ಲಕ್ಷ ಗ್ರಾಂ. ಅಂದರೆ ನೂರರಲ್ಲೊಂದರ ಲೋಕದಲ್ಲಿ ಮೀಟರ್ ಸೆಂಟಿಮೀಟರ್ ಆಗುತ್ತದೆ, ಟನ್ ಗ್ರಾಂ ಆಗಿಬಿಡುತ್ತದೆ!

240 ಟನ್ನಿನ ಚಪಲ್ ನನ್ನ ಮೇಜಿನ ಮೇಲೆ 240 ಗ್ರಾಂ ಮೀರುವಂತಿಲ್ಲ. ಎಂಜಿನು, ಬ್ಯಾಟರಿ, ನಾಲ್ಕು ಕ್ಷಿಪಣಿ ಕೊಳವೆ, ಮುಂದೊಂದು ಹಿಂದೊಂದು ಫಿರಂಗಿ, ಬಣ್ಣ, ಅಂಟು ಎಲ್ಲ ಸೇರಿ ಕಾಲು ಕಿಲೋ ಸಕ್ಕರೆಗಿಂತ ಕಡಿಮೆ. ಲಾಂಚಿನ ಮೇಲೆ ಹತ್ತಿಸುವ ಹತ್ತು ಟನ್ನಿನ ಬಸ್ಸು ಹತ್ತು ಗ್ರಾಂ ಇರಬೇಕು. ಅರವತ್ತು ಕಿಲೋದ ಪ್ರಯಾಣಿಕ ಮೂರು ಅಕ್ಕಿಕಾಳಿನ ತೂಕ.

ಈಗ ಹೊರಗವಚ ನೋಡಿ. ನಿಜದ ಹಡಗಿನ ಉಕ್ಕಿನ ಹಲಗೆ ಆರು ಮಿಲಿಮೀಟರ್ ದಪ್ಪ ಎಂದಿಟ್ಟುಕೊಂಡರೆ ಮಾದರಿಯಲ್ಲಿ ಅದು 0.06 ಮಿಲಿಮೀಟರ್. ನೋಟುಪುಸ್ತಕದ ಹಾಳೆಯೇ ಸುಮಾರು 0.1 ಮಿಲಿಮೀಟರ್ ದಪ್ಪವಿರುತ್ತದೆ. ಕಾಗದಕ್ಕಿಂತ ತೆಳುವಾದ ತಗಡಿನಿಂದ ಹಡಗು ಕಟ್ಟಲು ಯಾರಿಂದ ಆದೀತು? ದಪ್ಪ ತಗಡನ್ನೇ ಬಳಸುತ್ತೇವೆ. ಪ್ರತಿ ಕಂಬಿ, ಪ್ರತಿ ಏಣಿ, ಪ್ರತಿ ಬಾಗಿಲು ಇರಬೇಕಾದ್ದಕ್ಕಿಂತ ಭಾರವಾಗುತ್ತದೆ. ನನ್ನ ಮೊದಲ ಚಪಲ್ 390 ಗ್ರಾಂ ತೂಗಿತು. ನೀರಿಗಿಟ್ಟರೆ ಅಟ್ಟದವರೆಗೂ ಮುಳುಗಿ ಕೂತಿತು.

ಮೇಲಿನ ಭಾರ, ಕೆಳಗಿನ ಭಾರ

ತೂಕ ಹೆಚ್ಚಾದದ್ದಕ್ಕಿಂತ ಅದು ಎಲ್ಲಿ ಹೆಚ್ಚಾಯಿತು ಎಂಬುದು ಇನ್ನೂ ದೊಡ್ಡ ಕಷ್ಟ. ಕೈಕೆಲಸದ ಸೊಗಸೆಲ್ಲ ಹಡಗಿನ ಮೇಲುಗಡೆ ಇರುತ್ತದೆ: ಕಂಬ, ರೇಡಾರ್, ಫಿರಂಗಿ. ಭಾರವೂ ಅಲ್ಲೇ ಕೂಡುತ್ತದೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಸಂಕದ ಮೇಲೆ ನಡೆಯುವವರಿಗೆ ಗೊತ್ತು, ಅದೇ ಹೊರೆ ಸೊಂಟದ ಮಟ್ಟದಲ್ಲಿದ್ದರೆ ಎಷ್ಟು ಧೈರ್ಯ ಎಂದು.

ಹಡಗು ಒಂದು ಬದಿಗೆ ವಾಲಿದಾಗ ಆ ಬದಿಯ ಒಡಲು ಹೆಚ್ಚು ಮುಳುಗುತ್ತದೆ, ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಭಾರ ಕೆಳಗಿದ್ದರೆ ಈ ಒತ್ತು ಹಡಗನ್ನು ನೆಟ್ಟಗೆ ಮಾಡುತ್ತದೆ. ಭಾರ ಬಹಳ ಮೇಲಿದ್ದರೆ ಅದು ಈ ಒತ್ತಿಗಿಂತಲೂ ಆಚೆಗೆ ವಾಲಿ ಹಡಗನ್ನು ಮಗುಚುತ್ತದೆ. ಮಾದರಿಯ ಮಟ್ಟಿಗೆ ಇದು ಒಂದು ಸಂಜೆಯ ಬೇಸರ. ಆದರೆ 1870ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಯುದ್ಧನೌಕೆ ‘ಕ್ಯಾಪ್ಟನ್’ ಸ್ಪೇನಿನ ಕರಾವಳಿಯಾಚೆ ಬಿರುಗಾಳಿಗೆ ಮಗುಚಿ 450ಕ್ಕೂ ಹೆಚ್ಚು ಜನ ಸತ್ತರು. ಲೆಕ್ಕಕ್ಕಿಂತ ಭಾರವಾಗಿ ತಯಾರಾಗಿ, ನೀರಿನಲ್ಲಿ ತೀರಾ ತಗ್ಗಾಗಿ ಕೂತ, ಎತ್ತರದ ಪಟಸ್ತಂಭ ಹೊತ್ತ ಹಡಗು ಅದು. ಅದನ್ನು ರೂಪಿಸಿದ ಕೌಪರ್ ಕೋಲ್ಸ್ ಕೂಡ ಅದರೊಂದಿಗೇ ಮುಳುಗಿದ.

ನಾನು ಮೇಲ್ಕಟ್ಟಡವನ್ನೆಲ್ಲ ಕಿತ್ತು ಬೆಂಡಿನಲ್ಲಿ ಮಾಡಿ ಮೇಲೊಂದು ತೆಳು ಕಾಗದ ಹೊದಿಸಿದೆ. ಬ್ಯಾಟರಿಯನ್ನು ತಳಕ್ಕಿಳಿಸಿದೆ. 240 ಗ್ರಾಂ ಆಯಿತು. ನೀರಿನ ಗೆರೆ ಬಣ್ಣದ ಗೆರೆಗೆ ಸರಿಯಾಗಿ ಬಂತು. ಆಕಾರ, ತೂಕ, ಭಾರದ ಜಾಗ, ಮೂರೂ ಈಗ ಸರಿ. ಆದರೂ ತಳ್ಳಿದೊಡನೆ ಅದು ಹಾಳೆದೋಣಿಯಂತೆಯೇ ಚಡಪಡಿಸಿತು.

ಕುಗ್ಗಿಸಲಾಗದ ಒಂದು

ತೋಟದಲ್ಲಿ 20 ಮೀಟರ್ ಎತ್ತರದ ಅಡಿಕೆ ಮರದಿಂದ ಗೋಟು ಉದುರಿದರೆ ನೆಲ ಮುಟ್ಟಲು ಸುಮಾರು ಎರಡು ಸೆಕೆಂಡು. ಈ ಮರವನ್ನು ನೂರರಲ್ಲೊಂದು ಮಾಡಿದರೆ ಎತ್ತರ 20 ಸೆಂಟಿಮೀಟರ್. ಆ ಎತ್ತರದಿಂದ ಬೀಳಲು ನೂರರಲ್ಲೊಂದು ಹೊತ್ತು ಸಾಕೆ? ಇಲ್ಲ. 0.2 ಸೆಕೆಂಡು ಬೇಕು, ಹತ್ತರಲ್ಲೊಂದು. ಬೀಳುವ ವಸ್ತು ಹೋಗಹೋಗುತ್ತ ವೇಗ ಕೂಡಿಸಿಕೊಳ್ಳುವುದರಿಂದ, ಹತ್ತು ಪಟ್ಟು ಹೊತ್ತು ಬಿದ್ದರೆ ನೂರು ಪಟ್ಟು ದೂರ ಸಾಗುತ್ತದೆ.

ಜೋಕಾಲಿಯೂ ಇದೇ ಮಾತು ಹೇಳುತ್ತದೆ. ಮಾವಿನ ಕೊಂಬೆಗೆ ನಾಲ್ಕು ಮೀಟರ್ ಹಗ್ಗ ಕಟ್ಟಿದರೆ ಹೋಗಿ ಬರಲು ನಾಲ್ಕು ಸೆಕೆಂಡು. ಕಿವಿಯ ಓಲೆಗೆ ನಾಲ್ಕು ಸೆಂಟಿಮೀಟರ್ ಸರಪಳಿ ಇದ್ದರೆ 0.4 ಸೆಕೆಂಡು. ಜೋಕಾಲಿ ಗಂಭೀರ, ಓಲೆ ಚಂಚಲ. ಎರಡನ್ನೂ ತೂಗುವುದು ಒಂದೇ ಕೈ.

ಆ ಕೈ ಭೂಮಿಯ ಸೆಳೆತ. ಉಳಿ ಹಿಡಿದವರು ಹಡಗನ್ನು ಕುಗ್ಗಿಸಬಹುದು, ಬಸ್ಸನ್ನು ಕುಗ್ಗಿಸಬಹುದು, ಪ್ರಯಾಣಿಕರನ್ನೂ ಕುಗ್ಗಿಸಬಹುದು. ಸೆಳೆತವನ್ನು ಕುಗ್ಗಿಸಲು ಯಾರಿಂದಲೂ ಆಗದು. ಅದು ಪುಟ್ಟ ಹಡಗನ್ನೂ ದೊಡ್ಡ ಹಡಗಿನ ಅವಸರದಲ್ಲೇ ಕೆಳಗೆಳೆಯುತ್ತದೆ. ಪುಟ್ಟ ಹಡಗಿಗೆ ಬೀಳಬೇಕಾದ ದೂರವೋ ಕೊಂಚ. ಆದ್ದರಿಂದ ಎಲ್ಲವೂ ಬೇಗ ಮುಗಿಯುತ್ತದೆ. ಹಡಗು ವಾಲುವುದು, ಏಳುವುದು, ಅಲೆ ಏರುವುದು, ಇಳಿಯುವುದು, ಎಲ್ಲವೂ ಸೆಳೆತದ ಆಟವೇ. ನೂರರಲ್ಲೊಂದರ ಲೋಕದಲ್ಲಿ ಗಡಿಯಾರ ಹತ್ತು ಪಟ್ಟು ಜೋರಾಗಿ ಓಡುತ್ತದೆ. ನಮ್ಮ ಕಣ್ಣು ಹಿಡಿದ ತಪ್ಪು ಆಕಾರದ್ದಲ್ಲ, ಕಾಲದ್ದು.

ಹಂಸ ಮತ್ತು ಕಾಡುಕಾಗೆ

ಇದನ್ನು ಹಡಗಿನ ವಿಷಯದಲ್ಲಿ ಗಟ್ಟಿಮಾಡಿ ತೋರಿಸಿದವನು ವಿಲಿಯಂ ಫ್ರೌಡ್. ಹುಟ್ಟಿದ್ದು 1810ರಲ್ಲಿ, ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ. ಮೊದಲು ರೈಲುದಾರಿಯ ಎಂಜಿನಿಯರ್. ಸಣ್ಣ ಮಾದರಿ ಎಳೆದು ನೋಡಿ ದೊಡ್ಡ ಹಡಗಿನ ಗುಣ ಹೇಳಬಹುದೆಂಬ ನಂಬಿಕೆ ಆಗಿನ ಪರಿಣತರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಹಿಂದೆ ಹಾಗೆ ಎಳೆದು ನೋಡಿದವರ ಲೆಕ್ಕಗಳು ಕೈಕೊಟ್ಟಿದ್ದವು.

1867ರಲ್ಲಿ ಫ್ರೌಡ್ ಎರಡು ಆಕಾರದ ಮಾದರಿಗಳನ್ನು ಮಾಡಿ ಡಾರ್ಟ್ ನದಿಗಿಳಿಸಿದ. ಮೂತಿ ಗುಂಡಗಿದ್ದದ್ದಕ್ಕೆ ಹಂಸ ಎಂದೂ, ಚೂಪಾಗಿದ್ದದ್ದಕ್ಕೆ ಕಾಡುಕಾಗೆ ಎಂದೂ ಹೆಸರಿಟ್ಟ. ಒಂದೊಂದನ್ನೂ ಮೂರು ಅಡಿ, ಆರು ಅಡಿ, ಹನ್ನೆರಡು ಅಡಿ ಉದ್ದಕ್ಕೆ ಮಾಡಿದ್ದ. ಎಳೆಯುತ್ತ ಅವನು ನೋಡಿದ್ದು ಹಡಗನ್ನಷ್ಟೇ ಅಲ್ಲ, ಅದು ನೀರಿನಲ್ಲಿ ಎಬ್ಬಿಸಿದ ಅಲೆಗಳನ್ನು. ಮೂರು ಅಡಿಯದನ್ನು ಒಂದು ವೇಗದಲ್ಲೂ ಹನ್ನೆರಡು ಅಡಿಯದನ್ನು ಅದರ ಇಮ್ಮಡಿ ವೇಗದಲ್ಲೂ ಎಳೆದರೆ ಎರಡರ ಸುತ್ತಲೂ ಅಲೆಗಳ ಒಂದೇ ಚಿತ್ತಾರ ಮೂಡುತ್ತಿತ್ತು. ಉದ್ದ ನಾಲ್ಕು ಪಟ್ಟು, ವೇಗ ಎರಡು ಪಟ್ಟು. ಉದ್ದ ನೂರು ಪಟ್ಟಾದರೆ ವೇಗ ಹತ್ತು ಪಟ್ಟು. ಅಡಿಕೆ ಗೋಟಿನ ಲೆಕ್ಕವೇ!

ಇದರಲ್ಲಿ ಅಲೆಗೇಕೆ ಪಟ್ಟ? ಹಡಗು ಮುಂದೆ ಹೋಗುವಾಗ ಅಲೆ ಎಬ್ಬಿಸಲೇಬೇಕು, ಅದಕ್ಕೆ ಶಕ್ತಿ ತೆರಲೇಬೇಕು. ವೇಗ ಹೆಚ್ಚಿದಂತೆ ಒಂದು ಅಲೆಯ ನೆತ್ತಿಯಿಂದ ಇನ್ನೊಂದರ ನೆತ್ತಿಗಿರುವ ದೂರವೂ ಹೆಚ್ಚುತ್ತದೆ. ಒಂದು ಹಂತದಲ್ಲಿ ಆ ದೂರ ಹಡಗಿನ ಉದ್ದಕ್ಕೇ ಸಮನಾಗಿ, ಮುಂದೊಂದು ನೆತ್ತಿ ಹಿಂದೊಂದು ನೆತ್ತಿ, ನಡುವಿನ ಗುಂಡಿಯಲ್ಲಿ ಹಡಗು. ಇನ್ನೂ ಜೋರಾಗಿ ಹೋಗಬೇಕೆಂದರೆ ತಾನೇ ಎಬ್ಬಿಸಿದ ದಿಬ್ಬವನ್ನು ಹತ್ತಬೇಕು. 39 ಮೀಟರಿನ ಹಡಗಿಗೆ ಈ ದಿಬ್ಬ ಎದುರಾಗುವುದು ಗಂಟೆಗೆ ಸುಮಾರು 28 ಕಿಲೋಮೀಟರಿನಲ್ಲಿ. 39 ಸೆಂಟಿಮೀಟರಿನ ಮಾದರಿಗೆ 2.8 ಕಿಲೋಮೀಟರಿನಲ್ಲಿ. ಚಪಲ್‌ನಂಥ ನೌಕೆ ಭಾರೀ ಎಂಜಿನುಗಳ ಬಲದಿಂದ ಆ ದಿಬ್ಬ ದಾಟಿ, ಮೂತಿ ಎತ್ತಿ ಓಡುತ್ತದೆ.

ಹಾಗಾದರೆ ನನ್ನ ಚಪಲ್ ಎಷ್ಟು ವೇಗ ಹೋಗಬೇಕು? ಗಂಟೆಗೆ 65 ಕಿಲೋಮೀಟರನ್ನು ನೂರರಿಂದ ಭಾಗಿಸಿದರೆ ಸೆಕೆಂಡಿಗೆ 18 ಸೆಂಟಿಮೀಟರ್, ಅಂಬೆಗಾಲಿಡುವ ಮಗುವಿನ ವೇಗ. ಆ ವೇಗದಲ್ಲಿ ಅಲೆಯೇ ಏಳುವುದಿಲ್ಲ, ಹಡಗು ಎಣ್ಣೆಯ ಮೇಲೆ ಜಾರಿದಂತೆ ಕಾಣುತ್ತದೆ. ಹತ್ತರಿಂದ ಭಾಗಿಸಿದರೆ ಗಂಟೆಗೆ 6.5 ಕಿಲೋಮೀಟರ್, ಬಿರುಸಾಗಿ ನಡೆಯುವವರ ವೇಗ. ಆಗ ಮೂತಿ ಮೇಲೇಳುತ್ತದೆ, ಹಿಂದೆ ಬಿಳಿಯ ಜಾಡು ಬಿಚ್ಚಿಕೊಳ್ಳುತ್ತದೆ, ಕಾರವಾರದ ನೌಕೆ ತನ್ನ ಹರೆಯದಲ್ಲಿ ಹೇಗೆ ಓಡಿರಬಹುದೆಂದು ಕೆರೆಯ ದಂಡೆಯಲ್ಲಿ ನಿಂತವರಿಗೆ ಅರಿವಾಗುತ್ತದೆ.

ನೀರು ಮಾತ್ರ ದಪ್ಪ

ಫ್ರೌಡ್‌ನ ಜಾಣತನ ಇಲ್ಲಿಗೇ ನಿಲ್ಲಲಿಲ್ಲ. ಹಡಗನ್ನು ತಡೆಯುವ ಮುಖ್ಯ ಬಲಗಳು ಎರಡು. ಅಲೆ ಎಬ್ಬಿಸಲು ತೆರುವ ‘ಅಲೆತಡೆ’ ಒಂದು, ಮೈಗೆ ನೀರು ಉಜ್ಜುವುದರಿಂದ ಬರುವ ‘ಉಜ್ಜುತಡೆ’ ಇನ್ನೊಂದು. ಅಲೆತಡೆ ಸೆಳೆತದ ಮಾತು ಕೇಳುತ್ತದೆ. ಉಜ್ಜುತಡೆ ಕೇಳುವುದು ನೀರಿನ ಅಂಟುತನದ ಮಾತನ್ನು. ನೀರನ್ನು ನಾವು ಕುಗ್ಗಿಸಿಲ್ಲವಲ್ಲ! ಪುಟ್ಟ ಹಡಗಿನ ಪಾಲಿಗೆ ಅದೇ ನೀರು ಜೋನಿಬೆಲ್ಲದ ಹಾಗೆ ಹೆಚ್ಚು ದಪ್ಪ ಅನ್ನಿಸುತ್ತದೆ. ಹಿಂದಿನವರ ಲೆಕ್ಕ ಕೆಟ್ಟದ್ದು ಈ ಎರಡನ್ನೂ ಒಂದೇ ಮೂಟೆಗೆ ಕಟ್ಟಿದ್ದರಿಂದ.

ಫ್ರೌಡ್ ಅವನ್ನು ಬಿಡಿಸಿದ. ತೆಳುವಾದ ಹಲಗೆಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ, ಬೇರೆ ಬೇರೆ ಲೇಪ ಹಚ್ಚಿ ನೀರಿನಲ್ಲಿ ಎಳೆದ. ತೆಳು ಹಲಗೆ ಅಲೆ ಎಬ್ಬಿಸುವುದು ನಗಣ್ಯ, ಆದ್ದರಿಂದ ಸಿಕ್ಕ ತಡೆಯೆಲ್ಲ ಉಜ್ಜುತಡೆ. ಮಾದರಿಯ ಒಟ್ಟು ತಡೆಯಲ್ಲಿ ಇದನ್ನು ಕಳೆದು, ಉಳಿದ ಅಲೆತಡೆಯನ್ನು ಹಿಗ್ಗಿಸಿ, ದೊಡ್ಡ ಹಡಗಿನ ಉಜ್ಜುತಡೆಯನ್ನು ಬೇರೆಯಾಗಿ ಲೆಕ್ಕ ಹಾಕಿ ಕೂಡಿಸಿದ. 1871ರಲ್ಲಿ ‘ಗ್ರೇಹೌಂಡ್’ ಎಂಬ ನಿಜದ ನೌಕೆಯನ್ನೇ ಕಡಲಿನಲ್ಲಿ ಇನ್ನೊಂದು ಹಡಗಿನಿಂದ ಎಳೆಸಿ ತಾಳೆ ನೋಡಿದ, ಹೊಂದಿತು. 1872ರಲ್ಲಿ ಟಾರ್ಕಿಯಲ್ಲಿ ನೌಕಾಪಡೆಯ ಹಣದಿಂದ ಸುಮಾರು 85 ಮೀಟರ್ ಉದ್ದದ ಎಳೆತೊಟ್ಟಿ ಶುರುವಾಯಿತು. ಅಲ್ಲಿ ಮೇಣದ ಮಾದರಿಗಳನ್ನು ಎರೆದು, ಕೆತ್ತಿ, ಎಳೆದು, ಮತ್ತೆ ಕರಗಿಸಿ ಹೊಸದು ಮಾಡುತ್ತಿದ್ದರು.

ಇಂದಿಗೂ ದಾರಿ ಅದೇ. ವಿಶಾಖಪಟ್ಟಣದ ನೌಕಾ ವಿಜ್ಞಾನ ಪ್ರಯೋಗಾಲಯದಲ್ಲಿ 500 ಮೀಟರ್ ಉದ್ದದ ಎಳೆತೊಟ್ಟಿ ಇದೆ. ಯುದ್ಧನೌಕೆ ಕಡಲಿಗಿಳಿಯುವ ಮೊದಲು ಅದರ ಮಾದರಿ ಅಂಥಲ್ಲಿ ಪರೀಕ್ಷೆಗೆ ಕೂರುತ್ತದೆ. ಅಣೆಕಟ್ಟಿನ ಕೋಡಿಯಿಂದ ಧುಮುಕುವ ನೀರೂ ಸೆಳೆತದ ಆಳೇ. ಕೃಷ್ಣರಾಜಸಾಗರದಲ್ಲಿರುವ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟುಗಳ ಪುಟ್ಟ ಮಾದರಿ ಕಟ್ಟಿ ನೀರು ಹರಿಸಿ ನೋಡುವವರೂ ಇದೇ ನಿಯಮದ ಮೇಲೆ ನಿಂತವರು.

ಪಟದ ಹಡಗಿನ ಪಾಡು

ಹೊಸನಗರ ತಾಲ್ಲೂಕಿನ ನಗರ ಒಂದು ಕಾಲದ ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಅದು ಹೈದರಾಲಿಯ ಕೈಸೇರಿದಾಗ ಅದರ ಬೆನ್ನಿಗೆ ಕರಾವಳಿಯ ಬಂದರುಗಳೂ ಸೇರಿದವು; ಅವನ ನೌಕಾಪಡೆ ಬೆಳೆದದ್ದು ಅಲ್ಲಿಂದ. ಅಂಥ ಪಟದ ಯುದ್ಧನೌಕೆಯನ್ನು ಮಾಡಬೇಕೆಂಬ ಆಸೆ ಈ ಸೀಮೆಯವರಿಗೆ ಸಹಜ. ಆದರೆ ಅದು ಕೆರೆಯಲ್ಲಿ ನಿಲ್ಲದು.

ಕಾರಣ ಮತ್ತೆ ಅದೇ ಕುಗ್ಗಿಸುವ ಲೆಕ್ಕ. ನೂರರಲ್ಲೊಂದು ಮಾದರಿಯಲ್ಲಿ ಪಟಕ್ಕೆ ಬಡಿದ ಗಾಳಿ ಹಡಗನ್ನು ಕೆಡಹುವ ಬಲ ಹತ್ತು ಲಕ್ಷದಲ್ಲೊಂದಾಗುತ್ತದೆ, ಏಕೆಂದರೆ ಪಟದ ಮೈ ಹತ್ತು ಸಾವಿರದಲ್ಲೊಂದು, ಗಾಳಿ ಮೀಟುವ ಎತ್ತರ ನೂರರಲ್ಲೊಂದು. ಹಡಗು ನೆಟ್ಟಗಾಗಲು ಬಳಸುವ ಬಲ ಹತ್ತು ಕೋಟಿಯಲ್ಲೊಂದಾಗುತ್ತದೆ, ಏಕೆಂದರೆ ತೂಕವೂ ಕುಗ್ಗಿತು, ಆ ತೂಕ ಮೀಟುವ ದೂರವೂ ಕುಗ್ಗಿತು. ಅದೇ ಗಾಳಿಗೆ ಮಾದರಿ ನೂರು ಪಟ್ಟು ಅಶಕ್ತ. ಗಾಳಿಯ ವೇಗವನ್ನೂ ಹತ್ತರಲ್ಲೊಂದು ಮಾಡಿ, ಅಂದರೆ ಎಲೆ ಅಲುಗದಷ್ಟು ಮೆಲುಗಾಳಿಗೆ ಬಿಟ್ಟು ನೋಡಿ. ಗಾಳಿಯ ಒತ್ತಡ ನೂರರಲ್ಲೊಂದಾಗಿ ಲೆಕ್ಕ ಸರಿಹೋಗುತ್ತದೆ, ಹಡಗು ರಾಜಗಾಂಭೀರ್ಯದಿಂದ ವಾಲಿ ಸಾಗುತ್ತದೆ. ಮಲೆನಾಡಿನ ಬೆಳಗಿನ ಕೆರೆ ಅದಕ್ಕೆ ತಕ್ಕ ಕಡಲು.

ಹತ್ತು ಪಟ್ಟು ನಿಧಾನ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ಹರಡಿದಾಗ ತುಮರಿ ಕಡೆಯ ಊರುಗಳು ನೀರಾಚೆ ಉಳಿದವು. ಹೆರಿಗೆಗೆ, ಶಾಲೆಗೆ, ಸಂತೆಗೆ, ಸಾವಿಗೆ, ಎಲ್ಲಕ್ಕೂ ನೀರು ದಾಟಬೇಕಿತ್ತು. ದಾಟಿಸಿದ್ದು ಲಾಂಚ್. 2025ರ ಜುಲೈನಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಜನ ದಶಕಗಳಿಂದ ಕೇಳಿದ ಸೇತುವೆ ಅದು, ಬರಲೇಬೇಕಿತ್ತು. ಆದರೆ ಅಷ್ಟು ಕಾಲ ಒಂದು ನಾಡನ್ನು ಹೊತ್ತ ಹಡಗು ಮರೆಯಾಗಬಾರದು. ಕರಾಚಿಗೆ ಹೋದ ಹಡಗುಗಳಷ್ಟೇ ಅದೂ ಮಾದರಿಯಾಗಲು ಯೋಗ್ಯ ಎಂದು ನಾನು ನಂಬಿದ್ದೇನೆ.

ನನ್ನ ಲಾಂಚನ್ನು ಕೆರೆಗಿಳಿಸಿ, ಹತ್ತು ಗ್ರಾಂ ಬಸ್ಸು ಹತ್ತಿಸಿ, ಬೆರಳಿನಿಂದ ಒಂದು ಅಲೆ ಎಬ್ಬಿಸಿದೆ. ಎಂದಿನಂತೆ ಚಡಪಡಿಸಿತು. ಈ ಸಲ ಮೊಬೈಲನ್ನು ನೀರಿನ ಮಟ್ಟಕ್ಕೆ ಹಿಡಿದು, ಸೆಕೆಂಡಿಗೆ 240 ಚಿತ್ರಗಳಂತೆ ತೆಗೆದು, ಸೆಕೆಂಡಿಗೆ 24ರಂತೆ ಓಡಿಸಿದೆ. ಹತ್ತು ಪಟ್ಟು ನಿಧಾನ. ಸಿನಿಮಾದವರು ಬೊಂಬೆ ಹಡಗನ್ನು ನಿಜ ಮಾಡಲು ಕಲಿತ ಗುಟ್ಟೂ ಇದೇ. ನೀರಹನಿಗಳು ಮಾತ್ರ ತೀರಾ ದಪ್ಪ ಕಂಡವು. ನೀರಿನ ಮೇಲ್ಪೊರೆಯ ಬಿಗಿತವೂ ಕುಗ್ಗುವುದಿಲ್ಲವಲ್ಲ.

ಪಕ್ಕದಲ್ಲಿ ನಮ್ಮ ಅತ್ತೆ ಕೂತಿದ್ದರು. ಅವರು ಮದುವೆಯಾಗಿ ಹೋದದ್ದು ತುಮರಿ ಕಡೆಗೆ. ನೀರಿನ ಮೇಲೆ ಚಡಪಡಿಸುತ್ತಿದ್ದ ಮಾದರಿಯನ್ನು ನೋಡಿ ‘ಚಂದ ಮಾಡಿದ್ಯಪ್ಪ’ ಎಂದಷ್ಟೇ ಹೇಳಿದ್ದರು. ಈಗ ಮೊಬೈಲಿನಲ್ಲಿ ಲಾಂಚ್ ನಿಧಾನ ಬಾಗಿತು, ನಿಧಾನ ಎದ್ದಿತು. ಅತ್ತೆಯ ಕೈ ತಾನಾಗಿ ಪಕ್ಕದ ಕಂಬ ಹಿಡಿದುಕೊಂಡಿತು, ಲಾಂಚಿನಲ್ಲಿ ನಿಂತಾಗ ಕಂಬಿ ಹಿಡಿಯುವ ಹಾಗೆ.